ಅನಸೂಯ ಅವರ ಕಿಟಕಿಯಲ್ಲಿ ಐದು ಬಾಟಲಿ

ಬೆಳಿಗ್ಗೆ ಆರೂವರೆ. ಸೂರತ್‌ನ ಬಟ್ಟೆ ಗಿರಣಿಗಳ ಹಿಂದಿನ ಕಾಲುವೆ ದಂಡೆಯಲ್ಲಿ ಅರವತ್ತೊಂದರ ಅನಸೂಯ ಮುಂಡರಗಿ ಸೆರಗು ಸಿಕ್ಕಿಸಿಕೊಂಡು ಬಗ್ಗಿದ್ದಾರೆ. ಹಗ್ಗಕ್ಕೆ ಕಟ್ಟಿದ ಬಾಟಲಿ ನೀರಿಗಿಳಿದು ತುಂಬಿ ಬರುತ್ತದೆ. ಗಿರಣಿಗಳು ಬಣ್ಣದ ನೀರು ಬಿಟ್ಟಿವೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ, ತಾರೀಖಿನ ಚೀಟಿ ಅಂಟಿಸುತ್ತಾರೆ. ದಿನಕ್ಕೆ ಐದು ಕಡೆ, ಐದು ಬಾಟಲಿ. ರಾಜಕಾರಣಿ ಎಂದರೆ ಬಿಳಿ ಕಾರು, ಹಿಂದೆ ಹತ್ತು ಜನ ಎಂದುಕೊಂಡು ಸಂದರ್ಶನಕ್ಕೆ ಹೋದ ನನಗೆ ಅವರು ಕೊಟ್ಟ ಮೊದಲ ಕೆಲಸ ಹಗ್ಗ ಹಿಡಿಯುವುದು.

ಅವರ ಅಜ್ಜ ಬೆಟಗೇರಿಯಿಂದ ಇಲ್ಲಿಗೆ ಬಟ್ಟೆ ವ್ಯಾಪಾರಕ್ಕೆ ಬಂದವರು. ಅಪ್ಪ ಬಟ್ಟೆಗೆ ಬಣ್ಣ ಹಾಕುವ ಗಿರಣಿ ಕಟ್ಟಿದರು. ಈಗ ಅದು ಅಣ್ಣ ಚಂದ್ರಕಾಂತರದು. ಅನಸೂಯ ಮಾತ್ರ ಕಾಲುವೆ ಪಕ್ಕದ ಕೇರಿಗಳಲ್ಲಿ ಓಡಾಡಿದರು. ಒಡಿಶಾದವರೋ ಬಿಹಾರದವರೋ, ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ಎಲ್ಲರ ಅರ್ಜಿ ಬರೆದುಕೊಟ್ಟರು. ಪಕ್ಷೇತರರಾಗಿ ನಿಂತು ಒಮ್ಮೆ ನಗರಪಾಲಿಕೆಗೆ ಗೆದ್ದರು.

ಆ ಅವಧಿಯಲ್ಲೇ ಒಂದು ಬೆಳಿಗ್ಗೆ ಬಾಟಲಿಗೆ ಕಡುನೇರಳೆ ನೀರು ಬಂತು. ಅಪ್ಪನ ಬೆರಳುಗಳಲ್ಲಿ ದಿನಾ ಕಂಡಿದ್ದ ಬಣ್ಣ.

“ನಮ್ಮನಿ ಬಣ್ಣ ನನಗ ಗುರ್ತು ಸಿಗಂಗಿಲ್ಲೇನ್ರಿ? ಒಂದ್ ತಾಸು ಅಲ್ಲೇ ಕುಂತೆ. ಆಮ್ಯಾಲ ದೂರು ಬರದೆ.”

ಅಣ್ಣನ ಹೆಸರು ಹಾಕಿಯೇ ಬರೆದರು. ಗಿರಣಿ ಎರಡು ತಿಂಗಳು ಮುಚ್ಚಿತು. ಅಣ್ಣ ಮಾತು ಬಿಟ್ಟರು, ಕಳಿಸಿದ ರಾಖಿ ವಾಪಸ್ ಬಂತು. ಮುಂದಿನ ಚುನಾವಣೆಯಲ್ಲಿ ವ್ಯಾಪಾರಸ್ಥರಷ್ಟೇ ಅಲ್ಲ, ಗಿರಣಿಯ ಕೆಲಸಗಾರರೂ ಕೈಬಿಟ್ಟರು. ಸೋಲು ಬರೀ 212 ಮತಗಳದು.

“ಅವರ ಸಿಟ್ಟು ಖರೇನ ಐತ್ರಿ. ಎರಡು ತಿಂಗಳ ಪಗಾರ ಹೋತಲ್ಲ,” ಎನ್ನುತ್ತಾರೆ. ಸೋತ ಮರುದಿನವೂ ಆರೂವರೆಗೆ ಇಲ್ಲಿದ್ದರಂತೆ. ಈ ಸಲ ಮತ್ತೆ ನಿಂತಿದ್ದಾರೆ. ಗೆಲ್ಲುತ್ತೀರಾ ಎಂದರೆ ಗೊತ್ತಿಲ್ಲ ಎನ್ನುತ್ತಾರೆ. ಅವರನ್ನು ಕಾಡುವುದು ಮತದ ಲೆಕ್ಕಕ್ಕಿಂತ ಅಣ್ಣನ ಮೌನ.

ಮನೆ ತಲುಪಿದರೆ ಗೇಟಿನ ಬಳಿ ಬಿಳಿ ತಲೆಯ ಹಿರಿಯರೊಬ್ಬರು ನಿಂತಿದ್ದಾರೆ. ಚಂದ್ರಕಾಂತ. ಆರು ವರ್ಷದ ಮೇಲೆ ಬಂದಿದ್ದಾರೆ. ಗಿರಣಿಯಲ್ಲಿ ಹೊಸದಾಗಿ ಹಾಕಿಸಿದ ಶುದ್ಧೀಕರಣ ಘಟಕದ ನೀರು ಅವರ ಕೈಯ ಬಾಟಲಿಯಲ್ಲಿದೆ. ಕುಡಿಯುವ ನೀರಿನಷ್ಟು ತಿಳಿಯಾಗಿದೆ.

“ನೋಡವಾ,” ಎಂದಷ್ಟೇ ಹೇಳುತ್ತಾರೆ.

ಅನಸೂಯ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು, ಚೀಟಿ ಅಂಟಿಸಿ, ಕಿಟಕಿಯಲ್ಲಿ ಆ ದಿನದ ಐದರ ಜೊತೆ ಇಡುತ್ತಾರೆ.

“ಚಲೋ ಐತಿ ಅಣ್ಣಾ. ಬಾ, ಚಾ ಕುಡಿ. ಆದ್ರ ನಾಳೆ ನಿನ್ನ ಗಿರಣಿ ಹಿಂದ ನಾನೇ ಬಂದು ತುಂಬ್ಕೋತೀನಿ.”