ಅತ್ತೆ ಕಿತ್ತ ಗರಿಕೆ

ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುವ ಮನುಷ್ಯನನ್ನು ನೀವು ನೋಡಿರದಿದ್ದರೆ ಆಷಾಢದಲ್ಲಿ ಕಾಡುಗೋಡಿಯ ಆಚೆಗಿರುವ ನಮ್ಮ ಬಡಾವಣೆಗೆ ಬರಬೇಕಿತ್ತು. ತುಂತುರು ಮಳೆ ಬೇರಿನವರೆಗೆ ಇಳಿಯುತ್ತದೋ ಇಲ್ಲವೋ ಎಂಬ ಚಿಂತೆ ನನ್ನದು. ಚಿಂತಿಸಲು ನನಗೆ ಮಳೆಯೂ ಆಗುತ್ತದೆ, ಬಿಸಿಲೂ ಆಗುತ್ತದೆ.

ಮನೆಯ ಮುಂದೆ ನಾಲ್ಕು ಚಾಪೆ ಹಾಸುವಷ್ಟು ಹಸಿರಿದೆ. ಅದನ್ನು ಲಾನ್ ಎನ್ನುವವನು ನಾನೊಬ್ಬನೇ. ನನ್ನ ಹೆಂಡತಿ ವನಜ ‘ನಿಮ್ಮ ಹುಲ್ಲು’ ಎನ್ನುತ್ತಾಳೆ. ಚಳಿಗಾಲದಲ್ಲಿ ಇಬ್ಬನಿ ಇದೆಯಲ್ಲ ಎಂದು ನೀರು ಕಡಿಮೆ ಮಾಡಿದರೆ ಮೂಲೆ ಹಳದಿಯಾಗುತ್ತದೆ, ಜಾಸ್ತಿ ಮಾಡಿದರೆ ಅಣಬೆ ಏಳುತ್ತದೆ. ಹೋದ ವರ್ಷವಂತೂ ಶಿವರಾತ್ರಿ ಕಳೆಯುತ್ತಿದ್ದಂತೆ ಬಡಾವಣೆಯ ಬೋರ್‌ವೆಲ್ ನೀರು ಕೊಡುವುದು ಬಿಟ್ಟು ಕೆಮ್ಮತೊಡಗಿತು. ಮನೆಗಳಿಗೆ ಟ್ಯಾಂಕರ್ ನೀರು ಶುರುವಾಯಿತು.

“ಪಾತ್ರೆ ತೊಳೆಯೋಕೇ ನೀರಿಲ್ಲ ಕಣ್ರೀ. ಆ ಹುಲ್ಲಿಗೆ ಇನ್ನೊಂದು ತೊಟ್ಟು ಬಿಟ್ರೆ ನಾಳೆಯಿಂದ ಅದನ್ನೇ ಪಲ್ಯ ಮಾಡಿ ಬಡಿಸ್ತೀನಿ” ಎಂದಳು ವನಜ.

ದಾರಿ ತೋರಿಸಿದವರು ಟ್ಯಾಂಕರ್ ಓಡಿಸುವ ನಂಜೇಗೌಡರು. ನಮ್ಮ ಬಡಾವಣೆ ಒಂದು ಕಾಲಕ್ಕೆ ಅವರ ರಾಗಿ ಹೊಲ. “ಪಕ್ಕದ ಅಪಾರ್ಟ್‌ಮೆಂಟ್‌ನಾಗೆ ಟ್ರೀಟ್‌ಮೆಂಟ್ ನೀರೈತೆ ಸಾರ್. ಬಚ್ಚಲು, ಕಕ್ಕಸು ಎಲ್ಲಾ ಸೇರಿ ಮಿಷಿನ್ನಾಗೆ ಕ್ಲೀನಾಗಿ ಬರ್ತದೆ. ಮೂಗು ಮುಚ್ಕೊಂಡ್ರೆ ಗಂಗೆ ಕಣ್ ಸಾರ್!”

ಮೂಗು ಮುಚ್ಚಿಕೊಂಡೆ. ಮನೆಯ ಹಿಂದೆ ಒಂದು ಡ್ರಮ್ಮು ಬಂತು, ಅದಕ್ಕೊಂದು ಪೈಪು ಬಂತು. ಹುಲ್ಲು ಮದುವೆ ಗಂಡಿನಂತೆ ಮಿಂಚತೊಡಗಿತು. ಮಳೆಗಾಲ ಬಂದರೂ ಡ್ರಮ್ಮು ತುಂಬಿಸುವುದನ್ನು ನಾನು ನಿಲ್ಲಿಸಲಿಲ್ಲ. ಮೋಡದ ಮಾತನ್ನು ನಂಬುವುದು ಹೇಗೆ?

ಭಾದ್ರಪದದಲ್ಲಿ ಸೋದರತ್ತೆ ಸೀತಮ್ಮ ಗೌರಿ-ಗಣೇಶಕ್ಕೆ ಬರುವುದಾಗಿ ಒಪ್ಪಿದರು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವರು ಅವರು. ಅವರ ಮಡಿಗೆ ಹೆದರಿ ನಲ್ಲಿಗಳೂ ಮೈ ತೊಳೆದುಕೊಳ್ಳುತ್ತವೆ. ಬೆಂಗಳೂರಿನ ನೀರು ಮಡಿಗಾಗದು ಎಂದು ನಮ್ಮ ಮನೆಯಲ್ಲಿ ಒಂದು ಹಬ್ಬವನ್ನೂ ಅವರು ಮಾಡಿರಲಿಲ್ಲ. ಈ ಸಲ ಮನಸ್ಸಿಗೆ ಬಂದರೆ ಮುಂದೆಯೂ ಬರುತ್ತಾರೆ, ಮನಸ್ಸು ಕೆಟ್ಟರೆ ಮತ್ತೆಂದೂ ಹೊಸಿಲು ತುಳಿಯುವುದಿಲ್ಲ. ವನಜ ವಾರವಿಡೀ ಮನೆ ಉಜ್ಜಿದಳು.

ಹಬ್ಬದ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದವನು ಅಲ್ಲೇ ಕಂಬವಾದೆ. ಒದ್ದೆ ಸೀರೆಯಲ್ಲಿ ಅತ್ತೆ ನನ್ನ ಲಾನಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಾರೆ; ಮುಷ್ಟಿ ತುಂಬ ಹುಲ್ಲು!

“ಲೋ ಶೀನ, ಎಂಥ ಎಳೇ ಗರಿಕೆ ಕಣೋ! ಗಣಪನಿಗೇ ಅಂತ ಬೆಳೆಸಿದ್ದೀಯಾ?”

ನನಗೆ ಎರಡು ಸಿಡಿಲು ಒಟ್ಟಿಗೆ ಬಡಿದವು. ಬರ್ಮುಡಾ ಎಂಬ ವಿದೇಶಿ ಹುಲ್ಲೆಂದು ನರ್ಸರಿಯವನು ಕೊಟ್ಟಿದ್ದ; ಸಾಗರದಾಚೆಯಿಂದ ಬಂದ ಬೀಗರಂತೆ ನಾನು ಉಪಚರಿಸಿದ್ದು ಬರೀ ಗರಿಕೆಯನ್ನೇ! ಎರಡನೆಯದು ನಿಮಗೆ ಆಗಲೇ ಹೊಳೆದಿರಬೇಕು. ಬೆಂಕಿಯ ರಾಕ್ಷಸನನ್ನು ನುಂಗಿದ ಗಣಪನ ಹೊಟ್ಟೆಯುರಿ ಗರಿಕೆಯಿಂದ ತಣಿಯಿತಂತೆ. ನನ್ನ ಹೊಟ್ಟೆಯಲ್ಲಿ ಆಗ ಎದ್ದದ್ದಕ್ಕೆ ಇಡೀ ಲಾನೂ ಸಾಲುತ್ತಿರಲಿಲ್ಲ.

“ಅದು ಬೇಡ ಅತ್ತೆ, ಮಾರ್ಕೆಟ್‌ನಿಂದ ತರ್ತೀನಿ.”

“ಮಾರ್ಕೆಟ್‌ದು ಯಾವ ಮೋರಿ ಪಕ್ಕ ಬೆಳೆದಿದ್ದೋ! ಸುಮ್ನಿರೋ.”

ಬಾಗಿಲಲ್ಲಿ ನಿಂತಿದ್ದ ವನಜ ‘ಬಾಯಿ ಬಿಟ್ಟೀರಿ ಜೋಕೆ’ ಎಂದು ಕಣ್ಣಲ್ಲೇ ಹೇಳಿದಳು. ಆದರೆ ನನ್ನನ್ನು ಸಾಕಿದ ಕೈಯಿಂದ ದೇವರ ತಲೆಗೆ ಅದನ್ನು ಏರಿಸುವುದು ಹೇಗೆ? ಅಪಾರ್ಟ್‌ಮೆಂಟು, ಮಿಷಿನ್ನು, ಡ್ರಮ್ಮು, ಎಲ್ಲವನ್ನೂ ಒದರಿಬಿಟ್ಟೆ.

ಅತ್ತೆಯ ಮುಷ್ಟಿ ಸಡಿಲವಾಯಿತು. ವನಜ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಇದಕ್ಕೆ... ನೀರು ಹಾಕ್ತೀಯಾ?” ಎಂದರು ಅತ್ತೆ.

“ಅದೇ ಅತ್ತೆ, ಆ ಕೊಳಕು ನೀರು...”

“ಕೊಳಕು ಬಿಡೋ, ತೊಳೆದ್ರಾಯ್ತು. ನಮ್ಮ ಹಿತ್ತಲ ಬಾಳೆ ಬೆಳೆದಿದ್ದು ಬಚ್ಚಲ ನೀರಲ್ಲಿ, ಗೌರಿಗೆ ಹಾಕ್ತಿದ್ದಿದ್ದು ಅದೇ ಎಲೆ. ಗರಿಕೆಗೆ ನೀರು ಹಾಕ್ತಾರೇನೋ? ಹೋಗು ಅಂದ್ರೂ ಹೋಗದೆ ಇರೋದಕ್ಕೆ! ವನಜಾ, ಇವನು ಚಿಕ್ಕಂದಿನಿಂದಲೂ ಹೀಗೇ ಕಣೇ. ಮೀನಿಗೆ ಶೀತ ಆಗತ್ತೆ ಅಂತ ಅಳ್ತಿದ್ದ.”

ಗರಿಕೆ ತೊಳೆಯಲು ಅತ್ತೆ ಬಳಸಿದ್ದು ನಾವು ಕುಡಿಯಲು ಇಟ್ಟಿದ್ದ ಫಿಲ್ಟರ್ ನೀರು, ತುಂಬಿದ ಬಿಂದಿಗೆ. ವನಜ ಖಾಲಿ ಬಿಂದಿಗೆಯನ್ನು ಬಗ್ಗಿಸಿ ನೋಡಿದಳು. ಪೂಜೆ ಸಾಂಗವಾಗಿ ಮುಗಿಯಿತು. ಹೊರಡುವಾಗ ಅತ್ತೆ ಅವಳ ತಲೆ ಸವರಿ, “ಬರೋ ವರ್ಷವೂ ಇಲ್ಲೇ ಹಬ್ಬ. ಅಲ್ಲಿಯವರೆಗೆ ಇವನು ಆ ಪೈಪು ಮುಟ್ಟಕೂಡದು” ಎಂದರು.

ಮುಟ್ಟಲಿಲ್ಲ. ಬೇಸಿಗೆಯಲ್ಲಿ ಹುಲ್ಲು ತೆಂಗಿನ ನಾರಾಯಿತು, ನಾನೂ ಸುಮಾರಾಗಿ ಹಾಗೆಯೇ ಆದೆ. ಯುಗಾದಿ ಕಳೆದು ಒಂದೆರಡು ಮಳೆ ಬಿದ್ದವು. ಒಂದು ಬೆಳಿಗ್ಗೆ ನೋಡುತ್ತೇನೆ, ಎಲ್ಲಾ ಕಡೆ ಎಳೆ ಹಸಿರು, ನನ್ನನ್ನು ಒಂದು ಮಾತೂ ಕೇಳದೆ! ವನಜಳನ್ನು ಕೂಗಿ ತೋರಿಸಿದೆ.

“ಚೆನ್ನಾಗೇ ಬಂದಿದೆಯಲ್ಲ, ಮತ್ತೆ ಮುಖ ಯಾಕ್ರೀ ಹಾಗಿದೆ?” ಎಂದಳು.

ನಮ್ಮ ಮಗಳು ಚಿಕ್ಕಂದಿನಲ್ಲಿ ಮೊದಲ ಸಲ ನನ್ನ ಕೈ ಬಿಡಿಸಿಕೊಂಡು ಸೈಕಲ್ ಓಡಿಸಿದ ದಿನವೂ ನನಗೆ ಹೀಗೆಯೇ ಆಗಿತ್ತು. ಬೀಳಲಿಲ್ಲವಲ್ಲ ಎಂಬ ಸಂತೋಷ. ಬೀಳಲೇ ಇಲ್ಲವಲ್ಲ ಎಂಬ ಆಘಾತ.