ಹದಿನಾರನೆಯ ಸೋಮವಾರದ ಮಾದಲಿ

ಕೊರೊನಾ ಮುಗಿದು ಸಾಲೆಗಳು ತೆರೆದ ಮರುವರ್ಷ ನಾನು ಬಾಗಲಕೋಟೆಯ ನವನಗರದಲ್ಲಿ ಹೆಣ್ಣುಮಕ್ಕಳ ಖಾಸಗಿ ಕ್ರೀಡಾ ವಸತಿ ನಿಲಯವೊಂದರ ಅಡುಗೆಯವಳಾಗಿದ್ದೆ. ಫುಟ್‌ಬಾಲ್ ಆಡುವ ಇಪ್ಪತ್ತೆರಡು ಹುಡುಗಿಯರು. ಮಧ್ಯಾಹ್ನ ತಲೆಗೆ ನಾಲ್ಕು ಜೋಳದ ರೊಟ್ಟಿ, ಒಟ್ಟು ಎಂಬತ್ತೆಂಟು. ನಾನು ಕಲಿತದ್ದು ಮೂರನೆಯ ಇಯತ್ತೆ. ಅಂಕಿ ಓದಲು ಬರುತ್ತದೆ, ಅಕ್ಷರಕ್ಕೆ ಹೊತ್ತು ಹಿಡಿಯುತ್ತದೆ. ಇದನ್ನು ನಾನು ಹೇಳಿದೆ, ಮೊಮ್ಮಗಳು ಬರೆದಳು.

ಆ ಜೂನ್ ತಿಂಗಳಲ್ಲಿ ಶೈಲಾ ಬಂದಳು. ಇಳಕಲ್ಲಿನ ನೇಕಾರರ ಮನೆಯ ಹುಡುಗಿ, ಇಪ್ಪತ್ನಾಲ್ಕು ವಯಸ್ಸು, ಇದೇ ಮೊದಲ ಕೆಲಸ. ಕ್ರೀಡಾ ವಿಜ್ಞಾನದಲ್ಲಿ ಡಿಗ್ರಿ, ಅದರ ಮೇಲೆ ಕೋಚಿಂಗ್ ಸರ್ಟಿಫಿಕೇಟು. ಕ್ರೀಡಾ ವಿಜ್ಞಾನವೆಂದರೆ ಆಡುವ ಮೈ ಯಾವಾಗ ದಣಿಯುತ್ತದೆ, ಏನು ತಿಂದರೆ ಚೇತರಿಸುತ್ತದೆ ಎಂದು ಅಳೆದು ನೋಡುವ ವಿದ್ಯೆಯಂತೆ. ಅವಳನ್ನು ಆರು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದರು. ಅಷ್ಟರಲ್ಲಿ ಹುಡುಗಿಯರ ಓಡುವ ದಮ್ಮು ಏರಿದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಳಕಲ್ಲಿನ ಬಸ್ಸು.

ಬಂದ ದಿನವೇ ಒಂದು ಸಣ್ಣ ತಕ್ಕಡಿ ಹಿಡಿದು ಅಡುಗೆಮನೆಗೆ ಬಂದಳು.

"ಆಯಿ, ಒಂದ್ ರೊಟ್ಟಿ ಕೊಡ್ರಿ, ತೂಕ ಮಾಡಿ ನೋಡ್ತೇನಿ."

"ಯಾಕವಾ? ರೊಟ್ಟಿ ಏನ್ ಬಂಗಾರೇನ, ತೂಕ ಹಾಕಾಕ?"

"ಬಂಗಾರಕ್ಕಿಂತ ಹೆಚ್ಚರಿ. ಹುಡುಗ್ಯಾರು ಓಡೂದು ಇದರ ಮ್ಯಾಲ."

"ನಿನ್ನ ವಯಸ್ಸಿಗಿಂತ ಹೆಚ್ಚು ವರ್ಷ ರೊಟ್ಟಿ ಬಡದೇನಿ. ನನ್ನ ಕೈಯಾಗ ತಕ್ಕಡಿ ಐತಿ."

ಆಕೆ ಸುಮ್ಮನಾಗಲಿಲ್ಲ. ಮೂರು ರೊಟ್ಟಿ ಒಂದೊಂದಾಗಿ ಇಟ್ಟು ನೋಡಿದಳು. ಮೂರಕ್ಕೂ ನಾಲ್ಕೈದು ಗ್ರಾಮಿನ ಫರಕು ಅಷ್ಟೇ. "ಖರೇನ ತಕ್ಕಡಿ ಐತ್ರಿ," ಎಂದು ಬರೆದುಕೊಂಡಳು. ಆ ವಾರದಿಂದ ಮೊಳಕೆ ಹೆಸರುಕಾಳು, ಶೇಂಗಾ, ಮೊಟ್ಟೆ ಎಂದು ಪಟ್ಟಿ ಬಂತು. ಗೊಣಗುತ್ತಲೇ ಮಾಡಿದೆ. ಮಾಡಲಿಕ್ಕೇ ನನ್ನನ್ನು ಇಟ್ಟುಕೊಂಡಿದ್ದರು.

ತಿಂಗಳಿಗೊಮ್ಮೆ ಆಕೆ ಬೀಪ್ ಟೆಸ್ಟ್ ಇಡುತ್ತಿದ್ದಳು. ಇಪ್ಪತ್ತು ಮೀಟರ್ ಅಂತರದಲ್ಲಿ ಎರಡು ಗೆರೆ. ಸ್ಪೀಕರ್ ಡಬ್ಬಿ ಪೀಂ ಎನ್ನುವುದರೊಳಗೆ ಈ ಗೆರೆಯಿಂದ ಆ ಗೆರೆ ಮುಟ್ಟಬೇಕು. ಬರಬರುತ್ತ ಪೀಂ ಬೇಗ ಬೇಗ ಆಗುತ್ತದೆ. ಎಷ್ಟು ಸಲ ಮುಟ್ಟಿದರು ಎಂಬುದೇ ದಮ್ಮಿನ ಲೆಕ್ಕ. ಭಾನುವಾರ ವಿಶ್ರಾಂತಿಯಾದ್ದರಿಂದ ಸೋಮವಾರ ಮೈ ಹಗುರ ಇರುತ್ತದೆಂದು ಸೋಮವಾರ ಸಂಜೆಯನ್ನೇ ಆರಿಸಿದ್ದಳು. ಭಾನುವಾರ ಇಳಕಲ್ಲಿಗೆ ಹೋದವಳು ಸೋಮವಾರ ಮೂರು ಗಂಟೆಗೆ ಬಂದು ನೇರ ಮೈದಾನಕ್ಕೆ ಇಳಿಯುತ್ತಿದ್ದಳು. ನನ್ನ ಅಡುಗೆಮನೆಯ ಸೋಮವಾರವನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ.

ಜುಲೈ ತಿಂಗಳ ಸರಾಸರಿ ಐವತ್ತೆರಡು. ಆಗಸ್ಟ್ ಮೊದಲಿಗೆ ಐವತ್ತೊಂದು. ನಿಲಯದ ಮುಖ್ಯಸ್ಥರಾದ ಸಾಹೇಬರು ಮೈದಾನದಲ್ಲೇ, ಹುಡುಗಿಯರಿಗೆ ಕೇಳುವಂತೆ ಅಂದರು: "ನಿಮ್ಮ ವಿಜ್ಞಾನ ಬುಕ್ಕಿನಾಗ ಓಡತೈತಿ, ಹುಡುಗ್ಯಾರ ಕಾಲಾಗ ಓಡವಲ್ದು. ನವೆಂಬರ್ ಕೊನಿಗೆ ಅಂಕಿ ಏರಿರಬೇಕು ನೋಡ್ರಿ."

ಮುಂದೆ ಅಂಕಿ ಇಳಿಯುತ್ತಲೇ ಹೋಯಿತು. ಸೆಪ್ಟೆಂಬರಿನಲ್ಲಿ ನಲವತ್ತಾರು. ಅಕ್ಟೋಬರಿನಲ್ಲಿ ನಲವತ್ತೈದು. ಶೈಲಾ ತನ್ನ ತಾಲೀಮೇ ತಪ್ಪು ಎಂದುಕೊಂಡು ಒಮ್ಮೆ ಓಟ ಕಡಿಮೆ ಮಾಡಿದಳು, ಒಮ್ಮೆ ಹೆಚ್ಚು ಮಾಡಿದಳು. ನವೆಂಬರ್ ಟೆಸ್ಟಿನಲ್ಲಿ ಹುನಗುಂದದ ರೇಣುಕಾ, ತಂಡದ ಕ್ಯಾಪ್ಟನ್, ಮೂವತ್ತೊಂದನೆಯ ಸುತ್ತಿಗೆ ಕಣ್ಣು ಕತ್ತಲೆಗಟ್ಟಿ ಬಿದ್ದಳು. ಆ ದಿನದ ಸರಾಸರಿ ನಲವತ್ತಮೂರು. ಸಾಹೇಬರು ಕೊನೆಯ ಟೆಸ್ಟಿಗೆ ತಾವೇ ಬರುವುದಾಗಿ ಹೇಳಿ, ತಿಂಗಳ ಕೊನೆಯ ಸೋಮವಾರ ಗೊತ್ತುಮಾಡಿದರು.

ಮರುದಿನ ಶೈಲಾ ಅಡುಗೆಮನೆಯ ಕಟ್ಟೆಯ ಮೇಲೆ ಅಂಕಿ ಬರೆದಿಟ್ಟ ವಹಿ ಬಿಚ್ಚಿಕೊಂಡು ಕುಳಿತಳು. ಅಳಲಿಲ್ಲ. ಅತ್ತಿದ್ದರೆ ಹೊರಗೆ ಕಳಿಸುತ್ತಿದ್ದೆ.

"ಆಯಿ, ಒಂದ್ ತಿಳೀವಲ್ದರಿ. ಹದಿನೆಂಟು ಮಂದೀದು ಇಳದೈತಿ. ನಾಲ್ಕು ಮಂದೀದು ಮಾತ್ರ ತಿಂಗಳಾ ತಿಂಗಳಾ ಏರೇತಿ. ನನ್ನ ತಾಲೀಮು ತಪ್ಪಿದ್ರ ಆ ನಾಲ್ಕು ಯಾಕ ಏರ್ತಾವು?"

"ಯಾರ್ಯಾರವು?"

"ಶಬಾನಾ, ಮುಬೀನಾ, ಬಾದಾಮಿ ಕಸ್ತೂರಿ, ಮತ್ತ ಆ ಉಬ್ಬಸದ ಗುಳಗಿ ತಗೋತಾಳಲ್ಲ, ಭಾಗ್ಯಾ."

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. "ಈ ಓಟ ಯಾವ ವಾರ ಇಡ್ತಿ?"

"ಸೋಮವಾರ. ಯಾಕ್ರಿ?"

ನಾನು ಎದ್ದು ಮೂಲೆಯ ಬುಟ್ಟಿಯ ಅರಿವೆ ತೆಗೆದೆ. ಒಣಗಿದ ಕಟಕ ರೊಟ್ಟಿ, ಬುಟ್ಟಿಯ ಕಂಠದವರೆಗೆ.

"ಎಣಿಸು. ಎಪ್ಪತ್ತೆರಡು ಅದಾವು. ನಿನ್ನೆ ಎಂಬತ್ತೆಂಟು ಬಡದೆ, ಹದಿನಾರು ಖರ್ಚಾದವು. ನೀ ಹೇಳಿದ ನಾಲ್ಕು ಮಂದೀನ ಉಂಡಾರ. ಉಳದವ್ರು ಸೋಮವಾರ ಹಿಡದಾರ."

ಶ್ರಾವಣದಲ್ಲಿ, ಆಗಸ್ಟ್ ನಡುವಿನ ಸೋಮವಾರದಿಂದ ಹದಿನೆಂಟು ಹುಡುಗಿಯರು ಹದಿನಾರು ಸೋಮವಾರದ ವ್ರತ ಹಿಡಿದಿದ್ದರು. ಬೆಳಗಿನಿಂದ ಉಪವಾಸ, ದೀಪ ಹಚ್ಚಿ ಪೂಜೆ ಮಾಡಿದ ಮೇಲೆ ಒಂದೇ ಊಟ. ಮೊದಲ ಸೋಮವಾರವೇ ರೇಣುಕಾ ನನ್ನ ಹತ್ತಿರ ಬಂದು, "ಯಾರಿಗೂ ಹೇಳಬ್ಯಾಡ್ರಿ ಆಯಿ, ಹೇಳಿದ್ರ ಹರಕಿ ಕೆಡ್ತೈತಿ. ರೊಟ್ಟಿ ಎಂದಿನಂಗ ಮಾಡ್ರಿ," ಎಂದಿದ್ದಳು. ಹರಕೆ ಯಾತಕ್ಕೆಂದು ನಾನು ಕೇಳಲಿಲ್ಲ. ಹುಡುಗಿಯರ ಹರಕೆ ಪರೀಕ್ಷೆಗೋ ವರನಿಗೋ ಇರುತ್ತದೆ, ನನಗೇನು? ಉಳಿದ ರೊಟ್ಟಿ ಒಣಗಿಸಿದೆ, ಬಾಯಿ ಮುಚ್ಚಿಕೊಂಡೆ. ನಡುವೆ ಹದಿನಾಲ್ಕು ಸೋಮವಾರ ಹೋದವು.

ಶೈಲಾ ರೊಟ್ಟಿಗಳನ್ನು ನಿಜವಾಗಿಯೂ ಎಣಿಸಿದಳು. ಆಮೇಲೆ ರೇಣುಕಾಳನ್ನು ಕರೆಸಿದಳು. ಹುಡುಗಿ ಮೊದಲು ನನ್ನನ್ನೇ ದುರುಗುಟ್ಟಿ ನೋಡಿದಳು.

"ಆಯಿ, ನಿಮ್ಮ ಬಾಯಾಗ ಒಂದ್ ಮಾತು ನಿಂದ್ರೂದಿಲ್ಲ!"

"ಹದಿನಾಲ್ಕು ವಾರ ನಿಂತಿತ್ತು. ಹೆಚ್ಚಾತು. ಹೇಳು, ಯಾತಕ್ಕ ಹಿಡದ್ರಿ?"

ಹುಡುಗಿ ಕಾಲಬೆರಳಿಂದ ನೆಲ ಕೆರೆಯುತ್ತ ಅಂದಳು: "ಅಕ್ಕೋರ ನೌಕರಿ ಉಳೀಲಿ ಅಂತ್ರಿ."

ಶೈಲಾ ವಹಿ ಮುಚ್ಚಿಟ್ಟಳು. ಆಮೇಲೆ ನಕ್ಕಳು. "ಏ ರೇಣವ್ವಾ, ನನ್ನ ಉಳಸಾಕ ಹೋಗಿ ನನ್ನ ಮುಳುಗಿಸಾಕ ಹತ್ತೀರಲ್ಲ! ಈ ಸೋಮವಾರದಿಂದ ಉಣ್ರಿ."

"ಅದೊಂದು ಹೇಳಬ್ಯಾಡ್ರಿ ಅಕ್ಕೋರ. ಇನ್ನ ಎರಡ ವಾರ. ನಡಬರಕ ಬಿಟ್ರ ಪಾಪ."

"ಮತ್ತ ಕೊನೀ ಓಟಕ್ಕ ಮೂರ್ಛೆ ಬೀಳ್ತೀರೇನು?"

ಲೆಕ್ಕ ಹಾಕಿದರೆ ಕೊನೆಯ ಟೆಸ್ಟು ಬಿದ್ದದ್ದು ಹದಿನಾರನೆಯ ಸೋಮವಾರದಂದೇ. ಶೈಲಾ ದಿನ ಬದಲಿಸಲು ಸಾಹೇಬರನ್ನು ಕೇಳಿದಳು. ಅವರು ನಿಲಯದ ಕಮಿಟಿಯವರನ್ನೂ ಕರೆದಾಗಿತ್ತು, ಒಪ್ಪಲಿಲ್ಲ. ಹುಡುಗಿಯರೂ ಒಪ್ಪಲಿಲ್ಲ. ಎರಡೂ ಕಡೆ ಗೋಡೆ.

ಅಡುಗೆಯವಳ ಬುದ್ಧಿ ಅಡುಗೆಯ ಕಡೆಗೇ ಹೋಗುತ್ತದೆ. ಹದಿನೆಂಟೂ ಮಂದಿಯನ್ನು ಕೂಡ್ರಿಸಿ ಕೇಳಿದೆ: "ವ್ರತದಾಗ ಊಟ ಯಾವಾಗ?"

"ಪೂಜಿ ಆದಮ್ಯಾಲ್ರಿ."

"ಪೂಜಿ ಸಂಜೀಕನ ಆಗಬೇಕಂತ ಯಾರು ಹೇಳ್ಯಾರ?"

"ನಮ್ಮವ್ವ ಹಂಗ ಮಾಡ್ತಾಳ್ರಿ."

"ನಿಮ್ಮವ್ವ ಹಗಲೆಲ್ಲಾ ಹೊಲದಾಗ ಇರ್ತಾಳ, ಸಂಜೀಕ ಪುರುಸೊತ್ತು ಸಿಗ್ತೈತಿ, ಅದಕ್ಕ ಸಂಜೀಕ. ಶಿವ ಮುಂಜಾನೆ ಎದ್ದಿರಂಗಿಲ್ಲೇನು? ಹೊತ್ತು ಮೂಡೂದ್ರಾಗ ಜಳಕಾ ಮಾಡ್ರಿ, ಪೂಜಿ ಮುಗಸ್ರಿ. ಎಂಟಕ್ಕ ಉಣ್ರಿ."

ಗುಸುಗುಸು ಆಯಿತು. ಒಬ್ಬಳು ಊರಿಗೆ ಫೋನ್ ಹಚ್ಚಿ ಅಜ್ಜಿಯನ್ನೇ ಕೇಳಿದಳು. ಆ ಪುಣ್ಯಾತ್ಗಿತ್ತಿ, "ಪೂಜಿ ಮಾಡಿ ಉಂಡ್ರ ಯಾವ ಹೊತ್ತಾದ್ರೇನು," ಎಂದಳು. ಅಲ್ಲಿಗೆ ಮುಗಿಯಿತು.

ವ್ರತ ಮುಗಿಸುವ ದಿನ ಸಿಹಿ ಆಗಲೇಬೇಕು. ನಮ್ಮ ಕಡೆಯದು ಮಾದಲಿ: ಗೋಧಿ ಚಪಾತಿ ಬೇಯಿಸಿ ಪುಡಿ ಮಾಡಿ, ಬೆಲ್ಲ, ಏಲಕ್ಕಿ, ಒಣಕೊಬ್ಬರಿ ಕೂಡಿಸಿ, ಹಾಲು ತುಪ್ಪ ಹಾಕಿಕೊಂಡು ಉಣ್ಣುವುದು. ಶೈಲಾ ಮತ್ತೆ ತಕ್ಕಡಿ ತಂದಳು. ಈ ಸಲ ನಾನೇ ಜಾಗ ಬಿಟ್ಟೆ. ಗೋಧಿ ಬೆಲ್ಲ ತೂಗಿ, ಓಡಲಿಕ್ಕೆ ಇದಕ್ಕಿಂತ ಒಳ್ಳೆಯ ಉಣಿಸಿಲ್ಲ, ತುಪ್ಪ ಮಾತ್ರ ಒಂದೇ ಚಮಚ ಎಂದಳು.

"ತುಪ್ಪಿಲ್ಲದ ಮಾದಲಿ ಗಂಟಲದಾಗ ಇಳಿಯೂದಿಲ್ಲವಾ."

"ಓಟ ಮುಗದಮ್ಯಾಲ ಡಬ್ಬಿನ ಬೋರಲು ಹಾಕ್ರಿ ಆಯಿ, ನಾನೂ ಉಣ್ತೇನಿ. ಈಗ ಒಂದ ಚಮಚ."

ಹದಿನೈದನೆಯ ಸೋಮವಾರವೇ ಮುಂಜಾನೆಯ ಪೂಜೆ ರೂಢಿ ಮಾಡಿಸಿದೆವು. ಹದಿನಾರನೆಯ ದಿನ ಎಂಟಕ್ಕೆ ಮಾದಲಿ, ಹನ್ನೆರಡೂವರೆಗೆ ಹಗುರ ಅನ್ನ ಬೇಳೆ. ಹುಡುಗಿಯರು ಮಧ್ಯಾಹ್ನದ ಊಟಕ್ಕೂ ತಕರಾರು ತೆಗೆದರು. ಮಾದಲಿ ಉಂಡಾಗಲೇ ವ್ರತ ಬಿಟ್ಟಂತಾಯಿತು, ಮುಚ್ಚಿಕೊಂಡು ಉಣ್ಣಿರಿ ಎಂದೆ.

ನಾಲ್ಕೂವರೆಗೆ ಓಟ. ಅಲ್ಲಿ ದುಡಿದ ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು ಮೈದಾನದ ಅಂಚಿಗೆ ಹೋಗಿ ನಿಂತೆ. ಮೂವತ್ತೊಂದನೆಯ ಸುತ್ತಿಗೆ ರೇಣುಕಾ ಬೀಳಲಿಲ್ಲ. ಐವತ್ತು ದಾಟಿದಳು, ಅರವತ್ತು ದಾಟಿದಳು, ಅರವತ್ನಾಲ್ಕಕ್ಕೆ ನಿಂತಳು. ಒಬ್ಬಳು ಕಾಲಿನ ಮೀನಖಂಡ ಸೆಳೆದು ಇಪ್ಪತ್ತೊಂಬತ್ತಕ್ಕೇ ಕುಳಿತಳು. ಆದರೂ ಸರಾಸರಿ ಐವತ್ತೇಳು.

ಅಲ್ಲಿಗೇ ಬಿಟ್ಟಿದ್ದರೆ ಸಾಕಾಗಿತ್ತು. ಶೈಲಾ ಬಿಡಲಿಲ್ಲ. ಹಿಂದಿನ ಮೂರು ಟೆಸ್ಟುಗಳು ಲೆಕ್ಕಕ್ಕೆ ಬಾರವು, ಮಕ್ಕಳು ಹಸಿದಿದ್ದರು, ಅದನ್ನು ತಾನು ವಿಚಾರಿಸದೆ ಓಡಿಸಿದೆ ಎಂದು ಬರೆದು ಸಾಹೇಬರ ಕೈಗೇ ಕೊಟ್ಟಳು. ಅವರು ಕಮಿಟಿಯವರ ಮುಂದೆಯೇ ಓದಿದರು.

"ಅಂಕಿ ಏರ್ಯಾವು, ನಿಮ್ಮ ಕೆಲಸ ಆತು. ನಿಮ್ಮ ತಪ್ಪು ನೀವ ಬರದ ಕೊಡೂದು ಯಾಕ್ರಿ?"

"ಬರೀಲಿಲ್ಲಂದ್ರ ಮುಂದ ಬಂದ ಕೋಚೂ ಹಸದ ಹುಡುಗ್ಯಾರನ್ನ ಓಡಸ್ತಾರ್ರಿ. ನಾ ರೊಟ್ಟಿ ತೂಗಿದೆ, ಉಂಡ್ರೋ ಇಲ್ಲೋ ಕೇಳಲಿಲ್ಲ."

ಸಾಹೇಬರು ಕಾಗದವನ್ನು ಎರಡನೆಯ ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಿಮಗ ಗೊತ್ತಿತ್ತೇನ್ರಿ ಗಂಗವ್ವ?"

"ಗೊತ್ತಿತ್ರಿ. ಹೇಳಲಿಲ್ಲ. ಬರ್ಯೂದಿದ್ರ ನನ್ನ ಹೆಸರೂ ಬರ್ಕೊಳ್ರಿ."

ಯಾರ ಹೆಸರನ್ನೂ ಬರೆದುಕೊಳ್ಳಲಿಲ್ಲ. ಡಿಸೆಂಬರಿನಲ್ಲಿ ಶೈಲಾಳ ಕೆಲಸ ಎರಡು ವರ್ಷಕ್ಕೆ ಮುಂದುವರಿಯಿತು. ಹರಕೆ ಫಲಿಸಿತು ಎಂದು ಹುಡುಗಿಯರು ಹೇಳಿಕೊಂಡು ತಿರುಗಿದರು. ಮಾದಲಿ ಫಲಿಸಿತು ಎಂದು ನಾನು. ಆ ವಾದ ಇನ್ನೂ ಮುಗಿದಿಲ್ಲ.

ನಾನು ಕೆಲಸ ಬಿಟ್ಟು ಈಗ ಕಮತಗಿಯಲ್ಲಿದ್ದೇನೆ. ಹೋದ ಬೇಸಿಗೆಯಲ್ಲಿ ಶೈಲಾ ಬಾದಾಮಿಯಲ್ಲಿ ಫುಟ್‌ಬಾಲ್ ಶಿಬಿರ ನಡೆಸುವಾಗ ನನ್ನನ್ನೂ ಕರೆಸಿಕೊಂಡಿದ್ದಳು. ಅಲ್ಲಿನ ಅಡುಗೆಯವಳು ಹೊಸಬಳು. "ಈ ಅಕ್ಕೋರು ಎಷ್ಟು ರೊಟ್ಟಿ ಬಡದಿ ಅಂತ ಕೇಳೂದಿಲ್ರಿ, ದಿನಾ ಎಷ್ಟು ಉಳದಾವು ಅಂತ ಕೇಳ್ತಾರ. ನಾ ಏನು ಕದ್ದೊಯ್ತೇನೇನು?" ಎಂದು ನನ್ನ ಮುಂದೆ ಮುಖ ಊದಿಸಿದಳು.

"ಕಳವಿನ ಮಾತಲ್ಲ, ಎಣಿಸಿ ಹೇಳು," ಎಂದೆ. "ಕೇಳದಿದ್ರೂ ಹೋಗಿ ಹೇಳು. ರೊಟ್ಟಿ ಬಡದ್ರ ಅರ್ಧಾ ಕೆಲಸ."

ಉಳಿದರ್ಧ ಬುಟ್ಟಿಯ ಅರಿವೆ ಎತ್ತಿ ನೋಡಿ, ನೋಡಿದ್ದನ್ನು ಹೇಳುವುದು. ನನಗೆ ಅದನ್ನು ಕಲಿಯಲು ಹದಿನಾಲ್ಕು ಸೋಮವಾರ ಹಿಡಿಯಿತು, ಒಬ್ಬ ಹುಡುಗಿ ಮೈದಾನದಲ್ಲಿ ಬೀಳಬೇಕಾಯಿತು.