ಪಟ್ಟಿಕಾಡು ಎಂದವಳು

ಒಂದು ಬೈಗುಳ ಮೊದಲು ಯಾರ ಬಾಯಲ್ಲಿ ಹುಟ್ಟಿತು ಅಂತ ಹುಡುಕಿಕೊಂಡು ಹೋಗುವವರು ಇದ್ದಾರಂತೆ. ಹುಡುಕಲಿ. 'ಪಟ್ಟಿಕಾಡು' ಅನ್ನೋ ಮಾತು ನನ್ನ ಬಾಯಿಂದ ಯಾವತ್ತು, ಯಾಕೆ ಬಂತು ಅನ್ನೋದು ನನಗೆ ಚೆನ್ನಾಗಿ ಗೊತ್ತು. ಹೊಟ್ಟೆಕಿಚ್ಚಿಗೆ ಬಂತು. ಬೇರೆ ಏನು ಹೇಳಿದರೂ ಸುಳ್ಳಾಗುತ್ತೆ.

ನಮ್ಮದು ಬಂಗಾರಪೇಟೆಯಿಂದ ಎರಡು ಮೈಲಿ ಆಚೆಯ ಹಳ್ಳಿ. ಆಗಷ್ಟೇ ಎಂಬತ್ತರ ದಶಕ ಶುರುವಾಗಿತ್ತು. ಕೆ.ಜಿ.ಎಫ್.ನಲ್ಲಿ ಓದಿದ ಮಕ್ಕಳೇ ಮುಂದೆ ಬರೋದು ಅಂತ ಅಪ್ಪನ ತಲೆಗೆ ಯಾರೋ ತುಂಬಿಬಿಟ್ಟಿದ್ದರು. ಹಾಗಾಗಿ ಎಂಟನೇ ಕ್ಲಾಸಿಗೆ ನಾನು ಬಂಗಾರಪೇಟೆಯಿಂದ ಕೆ.ಜಿ.ಎಫ್.ಗೆ ಹೋಗೋ ಮಾರಿಕುಪ್ಪಂ ರೈಲು ಹತ್ತಿದೆ. ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದೆವು. ಬೆಳಗಾಗುತ್ತಲೇ ಹಿಪ್ಪುನೇರಳೆ ಸೊಪ್ಪು ಕಿತ್ತು ಹುಳಕ್ಕೆ ಹಾಕಬೇಕು, ಆಮೇಲೆ ಸ್ಕೂಲು. ಸೊಪ್ಪಿನ ಸೊನೆ ಬೆರಳಿಗೆ ಹತ್ತಿ ಒಣಗಿದರೆ ಕಪ್ಪು ಕಲೆಯಾಗುತ್ತೆ. ಸೋಪಿಗೆಲ್ಲ ಅದು ಬಗ್ಗೋದಿಲ್ಲ.

ಮೊದಲ ವಾರವೇ ಮೈಸೂರು ಮೈನ್ಸ್ ಅನ್ನೋ ಗಣಿ ಕಡೆಯಿಂದ ಬರುತ್ತಿದ್ದ ತಮಿಳು ಹುಡುಗಿಯೊಬ್ಬಳು ನನ್ನ ಬೆರಳು ನೋಡಿ 'ಪಟ್ಟಿಕಾಡು' ಅಂದಳು. ಕ್ಲಾಸೆಲ್ಲ ನಕ್ಕಿತು. ತಮಿಳು ಬಾರದಿದ್ದರೇನು, ಬೈಗುಳ ತಿಳಿಯೋಕೆ ಭಾಷೆ ಬೇಕೇ? ಗೇಟಿನ ಹೊರಗೆ ನೆಲ್ಲಿಕಾಯಿ ಮಾರುತ್ತಿದ್ದ ಅಜ್ಜಿಯ ಮುಂದೆ ನಿಂತು ಗೊಳೋ ಅಂತ ಅತ್ತೆ. ಆಕೆ ಗಣಿಯಲ್ಲಿ ದುಡಿದು ತೀರಿಕೊಂಡವನೊಬ್ಬನ ಹೆಂಡತಿ.

"ಪಟ್ಟಿ ಅಂದ್ರೆ ಏನು ಗೊತ್ತಾ ಕಣ್ಣು? ಆಡು, ಹಸು ಕೂಡೋ ಜಾಗ. ನೀವು ಅಟ್ಟಿ ಅಂತೀರಲ್ಲ, ಅದೇ. ಸುತ್ತ ನಾಲ್ಕು ಗುಡಿಸಲು, ಆಚೆಗೆ ಕಾಡು. ಅಷ್ಟೇ. ಇದರಲ್ಲಿ ಅಳೋಕೇನಿದೆ?" ಅಂದಳು. ಆಮೇಲೆ ನೆಲ್ಲಿಕಾಯಿಗೆ ಉಪ್ಪು ಖಾರ ಹಚ್ಚುತ್ತಾ, "ನಮ್ಮ ಮಾವ ಅಂಥ ಒಂದು ಪಟ್ಟಿಯಿಂದಾನೇ ಇಲ್ಲಿಗೆ ಬಂದಿದ್ದು. ಗಣಿ ಮೇಸ್ತ್ರಿ ಅವರನ್ನ ಪಟ್ಟಿಕಾಡು ಅಂತಾನೇ ಕೂಗ್ತಿದ್ನಂತೆ, ಹೆಸರೇ ಇಲ್ಲದೋರ ಥರ. ಈಗ ನಮ್ಮ ಮೊಮ್ಮಕ್ಕಳು ನಿನ್ನನ್ನ ಕೂಗ್ತಾವೆ. ಆ ಮಾತನ್ನ ಮೈಮೇಲಿಂದ ಇಳಿಸೋಕೆ ಯಾರಾದರೂ ಬೇಕಲ್ಲ," ಅಂದಳು.

ಅರ್ಥ ತಿಳಿಯಿತು, ಉರಿ ಆರಲಿಲ್ಲ. ಮಾರನೇ ದಿನದಿಂದ ಡಬ್ಬಿಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು ಹೊರಟೆ. ಬಂಗಾರಪೇಟೆ ಸ್ಟೇಷನ್ನಿನ ನಲ್ಲಿ ಹತ್ತಿರ ಬೆರಳು ತಿಕ್ಕಿ ತಿಕ್ಕಿ, ಉಗುರಿನ ಸಂದು ಚುರುಗುಟ್ಟುವವರೆಗೆ ಬಿಡುತ್ತಿರಲಿಲ್ಲ. ತಮಿಳು ಕಲಿತೆ. ಹಾಲು, ಹೂವು, ಹಳ್ಳಿ ಎಲ್ಲವನ್ನೂ ಹಕಾರ ಒತ್ತಿ ಹೇಳೋದು ಕಲಿತೆ. ಯಾವೂರು ಅಂದರೆ ಬಂಗಾರಪೇಟೆ ಅಂದುಬಿಡುತ್ತಿದ್ದೆ. ವರ್ಷ ತುಂಬೋದರೊಳಗೆ ಫ್ಯಾಕ್ಟರಿ ಆಫೀಸರೊಬ್ಬರ ಮಗಳು, ಧಾರವಾಡ ಕಡೆಯಿಂದ ಆಗಷ್ಟೇ ಬಂದು ಸೇರಿದವಳು, ನನ್ನನ್ನು ತನ್ನ ಪಕ್ಕ ಕೂರಿಸಿಕೊಂಡಳು. ಕಿಟಕಿ ಪಕ್ಕದ ಆ ಬೆಂಚು ಸಿಕ್ಕಿದ್ದಕ್ಕೆ ನಾನು ಬೀಗಿದ್ದೇ ಬೀಗಿದ್ದು.

ಒಂಬತ್ತನೇ ಕ್ಲಾಸಿಗೆ ನಮ್ಮ ಚಿಕ್ಕಪ್ಪನ ಮಗಳು ಬಂದು ಸೇರಿದಳು. ನನಗಿಂತ ಒಂಬತ್ತೇ ತಿಂಗಳು ಚಿಕ್ಕವಳು, ಒಂದೇ ಮನೆಯಲ್ಲಿ ಬೆಳೆದವರು. ಮೊದಲ ದಿನ ನಲ್ಲಿ ಹತ್ತಿರ ಅವಳಿಗೂ ಹುಣಸೆಹಣ್ಣು ಚಾಚಿದೆ.

"ಸಂಜೆ ತಿರುಗಾ ಸೊಪ್ಪು ಕೀಳ್ಬೇಕಲ್ಲ ಅಕ್ಕಯ್ಯ, ಸುಮ್ಕೆ ಯಾಕೆ ಉಜ್ಜೋದು?" ಅಂತ ನಕ್ಕಳು.

"ನಿನ್ನ ಹಣೆಬರಹ. ಸ್ಕೂಲಲ್ಲಿ ಮಾತ್ರ ಅಕ್ಕಯ್ಯ ಗಿಕ್ಕಯ್ಯ ಅಂದೀಯ, ಹುಷಾರ್!"

"ಆಯ್ತು ಕಣಕ್ಕಯ್ಯ," ಅಂದಳು.

ಇವಳಿಗೂ ಆ ಮಾತು ಬೀಳುತ್ತೆ, ಆಗ ಬುದ್ಧಿ ಬರುತ್ತೆ ಅಂತ ಕಾದೆ. ಬಿತ್ತು ಕೂಡ. ಅವಳು, "ಊಂ, ನಮ್ದು ಅಳ್ಳೀನೇ. ಬತ್ತೀರಾ? ಉಳ ತೋರಿಸ್ತೀನಿ," ಅಂದುಬಿಡೋದೇ! ಮಾರನೇ ದಿನ ಬೆಂಕಿಪೊಟ್ಟಣದಲ್ಲಿ ಎರಡು ರೇಷ್ಮೆಹುಳ ತಂದಳು. ಹುಡುಗಿಯರೆಲ್ಲ ಮುತ್ತಿಕೊಂಡರು. ಮೊದಲು ನನ್ನನ್ನು ಬೈದಿದ್ದವಳೇ ಅಂಗೈ ಚಾಚಿ ಹುಳ ಬಿಡಿಸಿಕೊಂಡು ಕಿಸಿಕಿಸಿ ನಕ್ಕಳು. ನಾನು ವರ್ಷವಿಡೀ ಬೆರಳು ಸುಲಿದುಕೊಂಡು ಗಳಿಸಿದ್ದನ್ನು ಇವಳು ಅದೇ ಕಪ್ಪು ಬೆರಳಿನಿಂದ ಒಂದು ವಾರದಲ್ಲಿ ಹೊಡೆದುಕೊಂಡಳು. ಕಿಟಕಿ ಪಕ್ಕದ ಬೆಂಚಿಗೂ ಬಂದಳು. ನಾನು ತುದಿಗೆ ಸರಿದೆ. ಆಫೀಸರ ಮಗಳೂ ಅವಳೂ ನಗುವಾಗ ನಾನು ಪುಸ್ತಕದೊಳಗೆ ಮುಖ ಹುದುಗಿಸುತ್ತಿದ್ದೆ. ಅವಳಿಗೆ ಜ್ವರ ಬರಲಿ, ಸ್ಕೂಲು ಬಿಡಿಸಲಿ ಅಂತ ಮನೆದೇವರಿಗೆ ಕೈ ಮುಗಿದದ್ದೂ ಉಂಟು.

ಆಫೀಸರ ಮಗಳ ಹುಟ್ಟುಹಬ್ಬ ಬಂತು. "ನಮ್ಮವ್ವ ಇವತ್ತ ಸಂಜಿಗೆ ಒಬ್ಬಾಕಿ ಗೆಳತಿನ್ನ ಕರಕೊಂಡ ಬಾ ಅಂದಾಳ," ಅಂದಳು. ನಾನು ಆಗಲೇ ಜಡೆ ಸರಿಮಾಡಿಕೊಳ್ಳುತ್ತಿದ್ದೆ. ಅವಳು ಕೈ ಹಿಡಿದದ್ದು ನನ್ನ ತಂಗಿಯದು.

"ಇವಳನ್ನ ಕರ್ಕೊಂಡು ಹೋಗಿ ಎಲ್ಲಿ ಕೂರಿಸ್ತೀಯ?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಪಟ್ಟಿಕಾಡು ಇದು. ಬೆರಳು ನೋಡು, ಗಲೀಜು. ಈ ಕೈಯಲ್ಲಿ ಕೇಕ್ ಮುಟ್ಟಿದ್ರೆ ನಿಮ್ಮಮ್ಮ ತಿಂತಾರಾ?" ಅಂತ ಅವಳ ಕೈ ಎತ್ತಿ ಎಲ್ಲರಿಗೂ ತೋರಿಸಿದೆ. ಅರ್ಥ ಗೊತ್ತಿಲ್ಲದೆ ಅಂದದ್ದಲ್ಲ. ನೆಲ್ಲಿಕಾಯಿ ಅಜ್ಜಿ ಹೇಳಿದ್ದು ಅಕ್ಷರ ಅಕ್ಷರ ನೆನಪಿತ್ತು.

ಒಬ್ಬರೂ ನಗಲಿಲ್ಲ. ತಂಗಿ ನನ್ನ ಬೆರಳುಗಳನ್ನು ನೋಡಿದಳು. 'ಇವಳೂ ಬೆಳಿಗ್ಗೆ ನನ್ನ ಜೊತೆ ಸೊಪ್ಪು ಕಿತ್ತವಳೇ, ನಮ್ಮಕ್ಕಯ್ಯನೇ' ಅಂದಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಕೈ ಬಿಡಿಸಿಕೊಂಡು, ಲಂಗದ ನೆರಿಗೆಯೊಳಗೆ ಮುಚ್ಚಿಟ್ಟುಕೊಂಡಳು. "ನಂಗೆ ಬರೋಕಾಗಲ್ಲ, ಅವಳನ್ನೇ ಕರ್ಕೊಂಡೋಗು," ಅಂದಳು.

ನಾನು ಹೋದೆ. ನಾಚಿಕೆಗೆಟ್ಟು ಹೋದೆ. ಕ್ವಾರ್ಟರ್ಸಿನ ಸೋಫಾ ಮೇಲೆ ಕೂತು ಕೇಕ್ ತಿಂದೆ. ಅವರಮ್ಮ ನನ್ನ ಕೈ ನೋಡಿ, "ಎಷ್ಟ ಸ್ವಚ್ಛ ಅದಾವ ನೋಡ್ರಿ ಬೆರಳು," ಅಂತ ಮೆಚ್ಚಿದರು. ಉಳಿದ ಕೇಕನ್ನು ತಟ್ಟೆಯಲ್ಲೇ ಬಿಟ್ಟೆ.

ವಾಪಸು ರೈಲಿಗೆ ಅಂತ ಸ್ಟೇಷನ್ನಿಗೆ ಬಂದರೆ ತಂಗಿ ಕಲ್ಲು ಬೆಂಚಿನ ಮೇಲೆ ಕೂತಿದ್ದಳು. ನಾನೊಬ್ಬಳೇ ಬರಬೇಕಾಗುತ್ತೆ ಅಂತ ಒಂದು ರೈಲು ಬಿಟ್ಟು ಕಾದಿದ್ದಳು.

"ಕೇಕ್ ಎಂಗಿತ್ತು ಅಕ್ಕಯ್ಯ?"

"ಏನೂ ಚೆನ್ನಾಗಿರಲಿಲ್ಲ," ಅಂದೆ. ತಪ್ಪಾಯ್ತು ಅನ್ನೋಕೆ ಬಂಗಾರಪೇಟೆವರೆಗೂ ಸಮಯ ಇತ್ತು. ಅನ್ನಲಿಲ್ಲ.

ಈಗ ಯೋಚಿಸಿದರೆ, ನನಗೆ ಹೊಟ್ಟೆ ಉರಿದದ್ದು ಬೆಂಚಿಗೂ ಅಲ್ಲ, ಕೇಕಿಗೂ ಅಲ್ಲ. ಕಪ್ಪು ಬೆರಳು ಚಾಚಿಕೊಂಡು ರೈಲು ಹತ್ತುತ್ತಿದ್ದಳಲ್ಲ, ಅದಕ್ಕೆ. ಆ ಧೈರ್ಯ ನನಗೆ ಒಂದು ದಿನವೂ ಇರಲಿಲ್ಲ.

ಮಾರನೇ ಬೆಳಿಗ್ಗೆ ಎಂದಿನಂತೆ ನಲ್ಲಿ ತಿರುಗಿಸಿ ಡಬ್ಬಿ ತೆಗೆದೆ. ಪಕ್ಕದಲ್ಲಿ ನಿಂತಿದ್ದ ತಂಗಿ ಕೈ ಚಾಚಿದಳು. ನನ್ನ ಮುಖ ನೋಡಲಿಲ್ಲ.

"ನಂಗೂ ಒಸಿ ಉಣ್ಸೆಣ್ಣು ಕೊಡಕ್ಕಯ್ಯ," ಅಂದಳು.